ಬೆಂಕಿಯ ಹದ

ಸುಂಟಿಕೊಪ್ಪದಲ್ಲಿ ಬಸ್ಸಿಳಿದಾಗ ಹೊತ್ತು ಇಳಿಯುತ್ತಿತ್ತು. ತಮ್ಮ ನನ್ನ ಚೀಲವನ್ನು ಸ್ಕೂಟರಿನ ಕಾಲಡಿ ಇಟ್ಟುಕೊಂಡು, "ಅಕ್ಕ, ಮನೆಗೆ ಆಮೇಲೆ ಹೋಗಣ. ದಾರೀಲಿ ಒಂದು ಕೆರೆ ನೋಡೋದಿದೆ" ಎಂದ. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಆನೆಕಾಡಿನ ತಿರುವುಗಳನ್ನು ಏರಿ ಬಂದವಳಿಗೆ ಬೇಕಿದ್ದದ್ದು ಒಂದು ಲೋಟ ಕಾಫಿ. ಆದರೆ ಅವನ ಮುಖದಲ್ಲಿ ಪರೀಕ್ಷೆಯ ಹಿಂದಿನ ದಿನದ ಹುಡುಗರ ಕಳೆಯಿತ್ತು. ಮೂವತ್ತು ವರ್ಷ ಮೇಷ್ಟ್ರುಗಿರಿ ಮಾಡಿದವಳಿಗೆ ಆ ಕಳೆ ಗುರುತು ಸಿಗದೆ ಇರುತ್ತದೆಯೇ? ಸುಮ್ಮನೆ ಹಿಂದೆ ಕೂತೆ.

ಕಾಫಿ ತೋಟದ ಮಣ್ಣುದಾರಿಯಲ್ಲಿ ಅರ್ಧ ಕಿಲೋಮೀಟರ್ ಒಳಗೆ ಆ ಕೆರೆ. ಏರಿಯ ಮೇಲೆ ಲಾರಿ ನಿಲ್ಲುವಷ್ಟು ಗಟ್ಟಿ ಜಾಗ. ಅವನು ಜೇಬಿನಿಂದ ಒಂದು ನೂಲಿನ ಹಗ್ಗ ತೆಗೆದ. ಮೀಟರಿಗೊಂದು ಗಂಟು, ತುದಿಗೆ ಕಲ್ಲು. ಏರಿಯಿಂದ ಮುಂದಕ್ಕೆ ಚಾಚಿದ ಹಲಸಿನ ಕೊಂಬೆಯ ಮೇಲಿಂದ ಇಳಿಬಿಟ್ಟು ಗಂಟುಗಳನ್ನು ಎಣಿಸಿದ. ಕಲ್ಲು ನೀರಿಗೆ ತಾಗಿದಾಗ ಐದು ಗಂಟು ಮುಗಿದು ಆರನೆಯದು ಅವನ ಬೆರಳ ಹತ್ತಿರವಿತ್ತು.

"ಕೆರೆ ಎಷ್ಟು ಆಳ ಇದೆ?" ಎಂದೆ.

"ಆಳ ಆಮೇಲೆ ಅಕ್ಕ. ಗಾಡಿ ನಿಲ್ಲೋ ಜಾಗದಿಂದ ನೀರು ಎಷ್ಟು ಕೆಳಗಿದೆ ಅನ್ನೋದು ಮೊದಲು."

ಪಂಪು ನೀರನ್ನು ಎಳೆಯುತ್ತದೆ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಅದು ಎಳೆಯುವುದಿಲ್ಲ. ಪೈಪಿನೊಳಗಿನ ಗಾಳಿಯನ್ನು ಹೊರಹಾಕುತ್ತದೆ, ಅಷ್ಟೇ. ಕೆರೆಯ ಮೇಲೆ ಕೂತಿರುವ ವಾತಾವರಣದ ಭಾರ ನೀರನ್ನು ಪೈಪಿನೊಳಕ್ಕೆ ತಳ್ಳುತ್ತದೆ. ಸಮುದ್ರದ ಮಟ್ಟದಲ್ಲಿ ಆ ಭಾರ ನೀರನ್ನು ಲೆಕ್ಕದ ಪ್ರಕಾರ 10.3 ಮೀಟರ್ ಏರಿಸಬಲ್ಲದು. ಪೈಪಿನ ಉಜ್ಜಾಟ, ಜೋಡಣೆಯ ಸೋರಿಕೆ ಎಲ್ಲ ಕಳೆದು ಕೈಗೆ ಸಿಗುವುದು ಏಳೆಂಟು ಮೀಟರ್. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿ ತೆಳು. ಲೆಕ್ಕದ 10.3 ಇಲ್ಲಿ 9ಕ್ಕೆ ಇಳಿಯುತ್ತದೆ. ಮಂಗಳೂರಿನಲ್ಲಿ ನೀರೆತ್ತಿದ ಅದೇ ಪಂಪು, ಅದೇ ಹೋಸು, ಘಾಟಿ ಹತ್ತಿ ಬಂದ ಮೇಲೆ ಒಂದು ಮೀಟರಿಗೂ ಹೆಚ್ಚು ಸೋಲುತ್ತದೆ. ಬೆಂಕಿಯ ಮುಂದೆ ನಿಂತು ಪಂಪು ಯಾಕೆ ನೀರು ಹಿಡಿಯುತ್ತಿಲ್ಲ ಎಂದು ಬಯ್ಯುತ್ತ ನಿಲ್ಲುವುದಕ್ಕೂ, ಹಿಂದಿನ ತಿಂಗಳೇ ಬಂದು ಗಂಟು ಎಣಿಸಿಟ್ಟುಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಆ ಹಗ್ಗದಲ್ಲಿ ನನಗೆ ಕಂಡಿತು.

ಇನ್ನೊಂದು ಮಾತು ಹೇಳಿದ, ಅದು ನನ್ನನ್ನು ಬಹಳ ಹೊತ್ತು ಕಾಡಿತು. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ ತೋಟದವರು ಕೆರೆಯ ನೀರನ್ನು ಸ್ಪ್ರಿಂಕ್ಲರಿಗೆ ಹಾಯಿಸಿ ಕಾಫಿಯನ್ನು ಅರಳಿಸುತ್ತಾರೆ. ಬೇರೆ ದಾರಿಯಿಲ್ಲ, ಹೂವು ಹೋದರೆ ವರುಷದ ಅನ್ನ ಹೋಯಿತು. ಗುಡ್ಡದ ಹುಲ್ಲು ಒಣಗಿ ಕಿಡಿಗೆ ಕಾಯುವ ಕಾಲವೂ ಅದೇ. ನೀರು ಬೇಕಾದ ಹೊತ್ತಿಗೇ ನೀರು ಕೆಳಗೆ ಹೋಗಿರುತ್ತದೆ. ಅದಕ್ಕೇ ಅವನ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿ ಕೆರೆಗೂ ಎರಡು ಅಳತೆ: ಮಳೆ ನಿಂತ ಮೇಲಿನದು, ಹೂಮಳೆಗೆ ಮುಂಚಿನದು. ಪಕ್ಕದಲ್ಲಿ ತೋಟದ ರೈಟರ ಫೋನು, ಗೇಟಿನ ಬೀಗದ ಕೈ ಯಾರ ಮನೆಯಲ್ಲಿ, ಯಾವ ಮೋರಿ ತುಂಬಿದ ಗಾಡಿಯನ್ನು ತಡೆಯುತ್ತದೆ. ವಾಟರ್ ಟೆಂಡರ್ ಹೊರುವುದು 4,500 ಲೀಟರ್, ಎಂದರೆ ನೀರಿನದೇ ನಾಲ್ಕೂವರೆ ಟನ್ ಭಾರ. ಹೋಸಿನ ತುದಿಯ ನಳಿಕೆಯಾದ ಒಂದು ಬ್ರಾಂಚಿನಿಂದ ನಿಮಿಷಕ್ಕೆ 450 ಲೀಟರ್ ಹೋಗುತ್ತದೆ ಎಂದಿಟ್ಟುಕೊಂಡರೆ ಅಷ್ಟೂ ನೀರು ಹತ್ತು ನಿಮಿಷದ ಆಟ. ಹನ್ನೊಂದನೆಯ ನಿಮಿಷಕ್ಕೆ ನೀರು ಎಲ್ಲಿಂದ ಎನ್ನುವುದೇ ಆ ನೋಟ್‌ಬುಕ್ಕಿನ ತುಂಬ ಇದ್ದ ಚಿಂತೆ.

ಅವನು ನನ್ನ ಚಿಕ್ಕಮ್ಮನ ಮಗ. ಹೆಸರು ಇಲ್ಲಿ ಬೇಡ, ಅವನಿಗೆ ಅದು ಇಷ್ಟವಾಗುವುದಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಫೈರ್‌ಮನ್ ಆಗಿ ಸೇರಿದವನು ಈಗ ಪ್ರಮುಖ ಅಗ್ನಿಶಾಮಕ, ಇಲಾಖೆಯ ಬಾಯಲ್ಲಿ ಲೀಡಿಂಗ್ ಫೈರ್‌ಮನ್. ಮುಂದಿನ ಮೆಟ್ಟಿಲು ಸಹಾಯಕ ಠಾಣಾಧಿಕಾರಿ. ಆ ಮೆಟ್ಟಿಲಿಗೆ ಮುಂಚಿನ ತರಬೇತಿಗೆ ಬೆಂಗಳೂರಿನ ಆರ್. ಎ. ಮುಂಡ್ಕೂರ್ ಅಕಾಡೆಮಿಗೆ ಹೋಗಬೇಕು. ನನ್ನನ್ನು ಕರೆಸಿಕೊಂಡದ್ದು ಅದಕ್ಕೇ. ಯಾರೋ ಕೊಟ್ಟ ಜೆರಾಕ್ಸ್ ನೋಟ್ಸ್ ಪೂರ್ತಿ ಇಂಗ್ಲಿಷಿನಲ್ಲಿತ್ತು. "ನೀರು, ಹಗ್ಗ, ಏಣಿ ಎಲ್ಲ ಗೊತ್ತು ಅಕ್ಕ. ಅದನ್ನ ಇವರು ಹೇಳೋ ಭಾಷೆ ಗೊತ್ತಿಲ್ಲ" ಎಂದು ಫೋನಿನಲ್ಲಿ ಹೇಳಿದ್ದ.

ಕರ್ನಾಟಕ ಅಗ್ನಿಶಾಮಕ ಸೇವೆಗೆ ಎರಡು ಬಾಗಿಲು. ಒಂದು ಬಾಗಿಲಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಫೈರ್‌ಮನ್ ಆಗಿ ಬರುತ್ತಾನೆ, ಇನ್ನೊಂದರಲ್ಲಿ ಪದವಿ ಮುಗಿಸಿದವರು ನೇರ ಠಾಣಾಧಿಕಾರಿಯಾಗಿ ಬರುತ್ತಾರೆ. 2020ರ ನೇಮಕಾತಿಯಲ್ಲಿ ಮೊದಲ ಬಾಗಿಲಿಗೆ 1,222 ಹುದ್ದೆ, ಎರಡನೆಯದಕ್ಕೆ 36. ಮೊದಲ ಬಾಗಿಲಿನಿಂದ ಬಂದವನು ಎರಡನೆಯ ಬಾಗಿಲಿನವನ ಕುರ್ಚಿಯ ಹತ್ತಿರ ತಲುಪುವಾಗ ಅವನ ಕೈಯಲ್ಲಿ ಸುಟ್ಟ ಗುರುತುಗಳಿರುತ್ತವೆ, ತಲೆ ನರೆತಿರುತ್ತದೆ. ಆ ಪಯಣಕ್ಕೆ ನನ್ನಲ್ಲಿ ಬಹಳ ಗೌರವವಿದೆ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1919ರಲ್ಲಿ ಇಂದೋರಿನ ಡೇಲಿ ಕಾಲೇಜಿನಲ್ಲಿ ಅಧಿಕಾರಿ ತರಬೇತಿ ಪಡೆದ ಭಾರತೀಯರ ಮೊದಲ ತಂಡದಲ್ಲಿದ್ದ ಕಾರ್ಯಪ್ಪನವರ ಊರು ಇದು. ಆದರೆ ಇಲ್ಲಿನ ಗೋಡೆಗಳ ಮೇಲೆ ಜನರಲ್‌ಗಳ ಪಟದ ಜೊತೆ ಸುಬೇದಾರರ ಪಟಗಳೂ ಇವೆ. ಸಿಪಾಯಿಯಾಗಿ ಸೇರಿ, ಒಂದೊಂದೇ ಪಟ್ಟಿ ಕೂಡಿಸಿಕೊಂಡು ಮೇಲೆ ಬಂದವರು. ಅವರ ಮನೆಗಳಲ್ಲಿ "ಸುಬೇದಾರ್" ಎನ್ನುವುದು ಮನೆತನದ ಹೆಸರಿನಷ್ಟೇ ಭಾರದ ಮಾತು. ನನ್ನ ತಮ್ಮ ಹೊರಟಿರುವುದು ಅಂಥದೇ ದಾರಿಯಲ್ಲಿ.

ಮರುದಿನ ಜಗಲಿಯಲ್ಲಿ ಕೂತು ನೋಟ್ಸ್ ಬಿಡಿಸಿದೆವು. ಅಧಿಕಾರಿಯಾದವನು ಸ್ಥಳಕ್ಕೆ ಬಂದೊಡನೆ ಮಾಡಬೇಕಾದ ಮೊದಲ ಕೆಲಸಕ್ಕೆ ಅಲ್ಲಿ 'ಸೈಜ್ ಅಪ್' ಎಂದಿತ್ತು. ಏನು ಉರಿಯುತ್ತಿದೆ, ಗಾಳಿ ಎತ್ತಲಿಂದ, ಒಳಗೆ ಜನ ಇದ್ದಾರೆಯೇ, ಹೊಗೆಯ ಬಣ್ಣವೇನು, ಮುಂದೆ ಎಲ್ಲಿಗೆ ಹಬ್ಬುತ್ತದೆ, ನಮ್ಮಲ್ಲಿ ಏನಿದೆ, ಏನು ತರಿಸಬೇಕು, ಇಷ್ಟನ್ನೂ ಒಂದು ನಿಮಿಷದಲ್ಲಿ ನೋಡಿಕೊಳ್ಳುವುದು. 'ಪರಿಸ್ಥಿತಿಯ ಅವಲೋಕನ' ಎಂದು ಬರೆದುಕೊಟ್ಟೆ. ಅವನು ಎರಡು ಸಲ ಓದಿ ಹಾಳೆ ಪಕ್ಕಕ್ಕಿಟ್ಟ. 'ಅಂದಾಜು' ಎಂದೆ. ತಲೆಯಾಡಿಸಲಿಲ್ಲ. ಒಳಗೆ ಒಲೆಯ ಮುಂದೆ ನಿಂತಿದ್ದ ಅವನ ಹೆಂಡತಿ ಪಾಕದ ಸೌಟು ಎತ್ತಿ ನೋಡುತ್ತ, "ಹದ ನೋಡೋದು ಅನ್ನಿ ಅತ್ತಿಗೆ" ಎಂದಳು. ಅವನ ಮುಖ ಅರಳಿತು. ಹೌದಲ್ಲ! ಬೆಲ್ಲದ ಪಾಕಕ್ಕೆ ಹದ, ಉಳುವ ನೆಲಕ್ಕೆ ಹದ, ಹಾಗೆಯೇ ಬೆಂಕಿಗೂ ಒಂದು ಹದ. ಹದ ನೋಡುವವನು ಸೌಟನ್ನು ಒಂದು ಗಳಿಗೆ ಮೇಲೆತ್ತಬೇಕು, ಕಲಕುತ್ತಲೇ ಇರುವವನಿಗೆ ಅದು ಕಾಣುವುದಿಲ್ಲ.

ಏಪ್ರಿಲ್ 14. ಕೊಡವರಿಗೆ ಅದು ಎಡಮ್ಯಾರ್ ಒಂದು, ಹೊಸ ವರ್ಷದ ಮೊದಲ ದಿನ. ಬೆಳಗಿನ ಜಾವ ಎತ್ತುಗಳಿಗೆ ಪೂಜೆ ಮಾಡಿ ಗದ್ದೆಯಲ್ಲಿ ಶಾಸ್ತ್ರಕ್ಕೆ ನೇಗಿಲು ಹೂಡುತ್ತಾರೆ. ಅದೇ ದಿನ ದೇಶದ ಎಲ್ಲ ಅಗ್ನಿಶಾಮಕ ಠಾಣೆಗಳಲ್ಲಿ ಹುತಾತ್ಮರ ಸ್ಮರಣೆ. ಅವನ ಠಾಣೆಯ ಅಂಗಳದಲ್ಲಿ ನಾನು ಒಂದು ಬದಿಗೆ ನಿಂತಿದ್ದೆ. ಗಾಡಿಗಳು ತೊಳೆದು ಫಳಫಳ. ಸಾಲಾಗಿ ನಿಂತವರು ಟೋಪಿ ಸರಿಪಡಿಸಿಕೊಂಡು ಎರಡು ನಿಮಿಷ ಮೌನವಾದರು. ದೂರದಲ್ಲಿ ಯಾರದೋ ಗದ್ದೆಯಿಂದ ಎತ್ತಿನ ಗಂಟೆ ಕೇಳಿಸುತ್ತಿತ್ತು.

ಅವರು ನೆನೆಯುವುದು 1944ನ್ನು. ಬೊಂಬಾಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಹಡಗಿನಲ್ಲಿ ಹತ್ತಿಯ ಬೇಲುಗಳೂ ಸುಮಾರು 1,400 ಟನ್ ಸಿಡಿಮದ್ದೂ ಒಟ್ಟಿಗೆ ಇದ್ದವು. ಮಧ್ಯಾಹ್ನ ಹತ್ತಿಯಲ್ಲಿ ಹೊಗೆ ಕಾಣಿಸಿತು. ಅಗ್ನಿಶಾಮಕರು ಬಂದರು, ನೂರಾರು ಟನ್ ನೀರು ಸುರಿದರು. ಬೆಂಕಿಯ ಮೂಲ ಸಿಗಲಿಲ್ಲ. ಹಡಗನ್ನು ಇಲ್ಲೇ ಮುಳುಗಿಸಿಬಿಡಿ ಎಂದು ಸಿಡಿಮದ್ದಿನ ಗುಣ ತಿಳಿದ ಅಧಿಕಾರಿಯೊಬ್ಬರು ಹೇಳಿದರು. ಹಡಗಿನ ಕ್ಯಾಪ್ಟನ್, ಡಾಕಿನವರು, ಅಗ್ನಿಶಾಮಕರು, ಸೇನೆಯವರು ಎಲ್ಲರೂ ಅಲ್ಲಿದ್ದರು. 'ಹೀಗೇ ಮಾಡಿ' ಎನ್ನುವ ಒಂದು ದನಿ ಇರಲಿಲ್ಲ. 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು. ಕೊನೆಯವರೆಗೂ ಹೋಸು ಹಿಡಿದು ನಿಂತಿದ್ದ 66 ಅಗ್ನಿಶಾಮಕರು ಸತ್ತರು. ಅವರ ಧೈರ್ಯವನ್ನು ನಾವು ವರುಷವರುಷ ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಆ ಎರಡು ಗಂಟೆಯಲ್ಲಿ ಯಾರು ಏನು ತೀರ್ಮಾನಿಸಬೇಕಿತ್ತು ಎಂಬ ಪ್ರಶ್ನೆಯನ್ನೂ ಅದೇ ದಿನ ಅದೇ ಅಂಗಳದಲ್ಲಿ ಕೇಳಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ದೇಶ ಆ ಪಾಠವನ್ನು ನಿಧಾನವಾಗಿ ಕಲಿಯಿತು. ಅಧಿಕಾರಿಗಳನ್ನು ತರಬೇತು ಮಾಡುವ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು 1956ರಲ್ಲಿ ರಾಂಪುರದಲ್ಲಿ ಶುರುವಾಗಿ ಮರುವರ್ಷ ನಾಗಪುರಕ್ಕೆ ಬಂತು. ದುರಂತದ ಜಾಗದಲ್ಲಿ ಹತ್ತು ಇಲಾಖೆಯವರು ಸೇರಿದಾಗ ಆಜ್ಞೆ ಯಾರದು ಎಂದು ತಿಳಿಸುವ ಮಾರ್ಗಸೂಚಿಯನ್ನು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಹೊರಡಿಸಿದ್ದು 2010ರಲ್ಲಿ.

ಮೌನ ಮುಗಿದ ಮೇಲೆ ಒಂದು ಅಣಕು ಕಾರ್ಯಾಚರಣೆ. ಹಳೆಯ ಶೆಡ್ಡಿನಲ್ಲಿ ಹೊಗೆ ಎಬ್ಬಿಸಿದರು. ಠಾಣಾಧಿಕಾರಿಗಳು ಅವತ್ತು ಬೇಕೆಂದೇ ಹಿಂದೆ ಸರಿದು, "ಇವತ್ತು ಇನ್‌ಚಾರ್ಜ್ ನೀವೇ" ಎಂದು ನನ್ನ ತಮ್ಮನಿಗೆ ಹೇಳಿದರು. ಗಾಡಿ ನಿಂತಿತು. ಅವನು ಹಾರಿ ಇಳಿದ. ಹುಡುಗರು ಹೋಸು ಬಿಚ್ಚುತ್ತಿದ್ದರು. ಒಬ್ಬನ ಜೋಡಣೆ ಕೂಡಲಿಲ್ಲ, ಒಂದು ಕ್ಷಣ ತಡವಾಯಿತು. ಅಷ್ಟಕ್ಕೇ ನನ್ನ ತಮ್ಮ ಓಡಿಹೋಗಿ ಜೋಡಣೆ ಕೂಡಿಸಿ, ಬ್ರಾಂಚ್ ಕಿತ್ತುಕೊಂಡು, ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ನೀರು ಬಿಡಿಸಿಯೇಬಿಟ್ಟ. ನನಗಂತೂ ಹೆಮ್ಮೆಯೆನಿಸಿತು. ಎಷ್ಟು ಚುರುಕು!

ಠಾಣಾಧಿಕಾರಿಗಳು ಹತ್ತಿರ ಹೋಗಿ ದನಿ ಏರಿಸದೆ ಹೇಳಿದರು: "ಹಿಡಿಯೋಕೆ ನಾಲ್ಕು ಜನ ಇದ್ದಾರೆ. ನೋಡೋಕೆ ಇರೋದು ನೀವೊಬ್ರೇ. ಈಗ ಶೆಡ್ಡಿನ ಹಿಂದೆ ಏನಾಗ್ತಿದೆ, ಹೇಳಿ."

ಹಿಂದೆ ಎರಡನೆಯ ಕಿಟಕಿಯಿಂದ ಹೊಗೆ ಬರುತ್ತಿತ್ತು. ಅವನು ನೋಡಿರಲಿಲ್ಲ.

ಆ ಸಂಜೆ ಅವನು ಹೆಚ್ಚು ಮಾತಾಡಲಿಲ್ಲ. ರಾತ್ರಿ ಊಟದ ಮೇಲೆ, ಎಷ್ಟೋ ವರ್ಷದ ಹಿಂದಿನ, ತೋಟದ ಕಾರ್ಮಿಕರ ಒಂದು ಲೈನ್ ಮನೆಯ ಬೆಂಕಿಯ ವಿಷಯ ತಾನಾಗಿ ತೆಗೆದ. ಒಳಗೆ ಗ್ಯಾಸ್ ಸಿಲಿಂಡರ್ ಇದೆ ಎಂದು ಯಾರೋ ಕೂಗಿದರು. ಇವನು ಯಾರಿಗೂ ಹೇಳದೆ ನುಗ್ಗಿದ, ಸಿಲಿಂಡರ್ ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಹೊರಬಿದ್ದ. ಮುಂದಿನ ಬಾಗಿಲಲ್ಲಿದ್ದವರು ಇವನು ಒಳಗೇ ಇದ್ದಾನೆಂದುಕೊಂಡರು. ಹೆಂಚು ಕುಸಿಯುತ್ತಿದ್ದ ಮನೆಯೊಳಗೆ ಇಬ್ಬರು ಇವನನ್ನು ಹುಡುಕುತ್ತ ಹೊಕ್ಕರು. ಮೂವರೂ ಬದುಕಿ ಬಂದರು. "ಅವತ್ತು ಊರಿನವರು ನನಗೆ ಹಾರ ಹಾಕಿದ್ರು ಅಕ್ಕ. ಇವತ್ತು ನಾನು ಆಫೀಸರ್ ಆಗಿದ್ದು ನನ್ನ ಹುಡುಗ ಯಾರಾದ್ರೂ ಹಂಗೆ ಮಾಡಿದ್ರೆ?" ವಾಕ್ಯ ಮುಗಿಸಲಿಲ್ಲ.

ನೋಟ್ಸಿನಲ್ಲಿ ಉಸಿರಾಟದ ಉಪಕರಣದ ಪಾಠವನ್ನು ಆ ರಾತ್ರಿಯೇ ಮತ್ತೆ ತೆಗೆದೆವು. ಆರು ಲೀಟರಿನ ಸಿಲಿಂಡರಿನಲ್ಲಿ 300 ಬಾರ್ ಒತ್ತಡದಲ್ಲಿ ಗಾಳಿ ತುಂಬಿದರೆ 1,800 ಲೀಟರ್. ದುಡಿಯುವ ಮನುಷ್ಯ ನಿಮಿಷಕ್ಕೆ 40 ಲೀಟರ್ ಎಳೆಯುತ್ತಾನೆ ಎಂದರೆ 45 ನಿಮಿಷ. 50 ಬಾರಿನ ಆಸುಪಾಸಿಗೆ ಇಳಿದಾಗ ಸೀಟಿ ಹೊಡೆಯುತ್ತದೆ. ಹೊರಗೆ ಬರಲು ಉಳಿದಿರುವ ಉಸಿರು ಅಷ್ಟೇ. ಒಳಗೆ ಹೋಗುವವನು ತನ್ನ ಹೆಸರಿನ ಬಿಲ್ಲೆಯನ್ನು ಹೊರಗಿನ ಹಲಗೆಗೆ ಸಿಕ್ಕಿಸಿ ಹೋಗಬೇಕು. ಹಲಗೆ ನೋಡಿಕೊಳ್ಳುವವನು ಹೋದ ಹೊತ್ತು, ಒತ್ತಡ, ಬರಬೇಕಾದ ಹೊತ್ತು ಬರೆದಿಡುತ್ತಾನೆ. ಬೆಂಕಿ ಎಷ್ಟೇ ಜೋರಾಗಿರಲಿ, ಅವನು ಆ ಹಲಗೆ ಬಿಟ್ಟು ಕದಲುವಂತಿಲ್ಲ. ಹೊರಗೆ ನಿಂತು ಇನ್ನೊಬ್ಬನ ಉಸಿರನ್ನು ಎಣಿಸುವ ಆ ಕೆಲಸಕ್ಕೆ ಯಾರೂ ಹಾರ ಹಾಕುವುದಿಲ್ಲ.

ಮಾರನೆಯ ದಿನ ಅವನಿಗೆ ರಜೆ. ಭಾಗಮಂಡಲಕ್ಕೆ ಹೋಗಿ ತಲಕಾವೇರಿಗೆ ಏರಿದೆವು. ಬ್ರಹ್ಮಗಿರಿಯ ಮೈಯಲ್ಲಿ 2020ರ ಗಾಯ ಇನ್ನೂ ಕಾಣುತ್ತದೆ, ಅಂಚಿನಲ್ಲಿ ಹಸುರು ಹತ್ತುತ್ತಿದ್ದರೂ. ಆ ಆಗಸ್ಟಿನ ಮೊದಲ ವಾರ ಒಂದು ರಾತ್ರಿಯಲ್ಲಿ ಗುಡ್ಡ ಜಾರಿ ಅರ್ಚಕರ ಮನೆಯನ್ನು ಐದು ಜನರ ಸಮೇತ ಹೊತ್ತೊಯ್ದಿತು. ಎರಡು ವರ್ಷ ಮೊದಲು, 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಸಾಲಾಗಿ ಕುಸಿದಿದ್ದವು; 2019ರಲ್ಲಿ ತೋರ ಗ್ರಾಮದಲ್ಲಿ. ಬೆಂಕಿ ನಂದಿಸಲೆಂದು ಸೇರಿದ ಹುಡುಗರು ಕೊಡಗಿನಲ್ಲಿ ಮಳೆಗಾಲಪೂರ್ತಿ ಹಗ್ಗ, ದೋಣಿ, ಗರಗಸ ಹಿಡಿದು ಕೆಸರಿನಲ್ಲಿರುತ್ತಾರೆ. ಇಲಾಖೆಯ ಹೆಸರಿನಲ್ಲಿ 'ತುರ್ತು ಸೇವೆಗಳು' ಎಂಬುದು ಸುಮ್ಮನೆ ಸೇರಿದ ಮಾತಲ್ಲ.

ತಲಕಾವೇರಿಯ ಹುಡುಕಾಟ ಮಳೆ, ಮಂಜಿನ ನಡುವೆ ದಿನಗಟ್ಟಲೆ ನಡೆಯಿತು. ಮೇಲಿನ ಮಣ್ಣು ಇನ್ನೂ ಸಡಿಲ. ಕೆಳಗೆ ಕಾಣೆಯಾದವರ ಬಂಧುಗಳ ಕಣ್ಣು. ಅಂಥ ಜಾಗದಲ್ಲಿ "ಸಾಕು, ಎಲ್ಲರೂ ಮೇಲೆ ಬನ್ನಿ" ಎಂದು ಹೇಳಬೇಕಾದವನ ಸ್ಥಿತಿಯನ್ನು ಯೋಚಿಸಿದೆ. ಮುನ್ನುಗ್ಗಿ ಎನ್ನಲು ಬೇಕಾದದ್ದಕ್ಕಿಂತ ಹಿಂದೆ ಬನ್ನಿ ಎನ್ನಲು ಹೆಚ್ಚು ಎದೆ ಬೇಕು. ಹೇಳಿದರೂ ಸಾಲದು, ಕೇಳುವವರು ನಂಬಬೇಕು.

ಮೆಟ್ಟಿಲ ಪಕ್ಕದ ಒಣಹುಲ್ಲಿನಲ್ಲಿ ಕೂತು ಅವನಿಗೆ ನಾನು ಓದಿದ್ದ ಒಂದು ಘಟನೆ ಹೇಳಿದೆ. ಅಮೆರಿಕದ ಮೊಂಟಾನದ ಮ್ಯಾನ್ ಗಲ್ಚ್ ಕಣಿವೆ, 1949ರ ಆಗಸ್ಟ್ 5. ಇಂಥದೇ ಹುಲ್ಲಿನ ಇಳಿಜಾರು. ಬೆಂಕಿ ಕೆಳಗಿನಿಂದ ಅಟ್ಟಿಸಿಕೊಂಡು ಬಂತು. ಏರಿನಲ್ಲಿ ಮನುಷ್ಯನ ಓಟ ನಿಧಾನ, ಬೆಂಕಿಯ ಓಟ ಜೋರು. ತಂಡದ ನಾಯಕ ವ್ಯಾಗ್ನರ್ ಡಾಜ್ ನಿಂತಲ್ಲೇ ಮುಂದಿನ ಹುಲ್ಲಿಗೆ ಕಡ್ಡಿ ಗೀರಿದ. ಅದು ಸುಟ್ಟು ಕರಿಯಾದ ಜಾಗದಲ್ಲಿ ಮಲಗಿದರೆ ಹಿಂದಿನ ಬೆಂಕಿಗೆ ಅಲ್ಲಿ ತಿನ್ನಲು ಏನೂ ಉಳಿದಿರುವುದಿಲ್ಲ. ಬನ್ನಿ ಎಂದು ಕರೆದ. ಯಾರೂ ಬರಲಿಲ್ಲ, ಇವನಿಗೆ ತಲೆ ಕೆಟ್ಟಿದೆ ಎಂಬಂತೆ ಪಕ್ಕದಲ್ಲೇ ಓಡಿಹೋದರು. ಹದಿಮೂರು ಜನ ಸತ್ತರು. ಡಾಜ್ ಬೂದಿಯಲ್ಲಿ ಮುಖ ಹುದುಗಿಸಿ ಬದುಕಿಕೊಂಡ. ತಂಡದ ಹೆಚ್ಚಿನವರಿಗೆ ಅವನ ಪರಿಚಯ ಅಷ್ಟಕ್ಕಷ್ಟೆ.

ತಮ್ಮ ಬಹಳ ಹೊತ್ತು ಇಳಿಜಾರನ್ನೇ ನೋಡಿದ. "ಎದುರು ಬೆಂಕಿ ಕೊಡೋದು ನಮ್ಮ ಕಡೆ ಹಳಬರಿಗೂ ಗೊತ್ತು. ಅವನು ಮಾಡಿದ್ದು ಸರಿ. ಆದ್ರೆ ಅವನ ಮಾತು ನಂಬೋಕೆ ಆ ಹುಡುಗರು ಅವನ ಜೊತೆ ಎಷ್ಟು ಊಟ ಮಾಡಿದ್ರು?"

ಈ ಪ್ರಶ್ನೆಯೇ ಅವನ ಬಡ್ತಿಯ ಬೆನ್ನಿಗೂ ಅಂಟಿಕೊಂಡಿದೆ. ಸರ್ಕಾರಿ ನೌಕರಿಯಲ್ಲಿ ಬಡ್ತಿ ಬಂದರೆ ವರ್ಗಾವಣೆಯೂ ಬರುವುದು ಸಾಮಾನ್ಯ. ರಾಯಚೂರಿಗೋ ಬೀದರಿಗೋ ಹೋದರೆ ಅಲ್ಲಿ ಈ ಕೆರೆಗಳಿಲ್ಲ, ಈ ರೈಟರುಗಳಿಲ್ಲ. ಆನೆಕಾಡಿನ ರಸ್ತೆಯಲ್ಲಿ ರಾತ್ರಿ ಎರಡು ಗಂಟೆಗೆ ಕಾಡಾನೆ ಅಡ್ಡ ನಿಂತರೆ ಸೈರನ್ ಹಾಕಬಾರದು, ದೀಪ ತಗ್ಗಿಸಿ ಕಾಯಬೇಕು ಎಂಬ ಅವನ ತಿಳಿವಳಿಕೆ ಅಲ್ಲಿ ಯಾವ ಕೆಲಸಕ್ಕೂ ಬಾರದು. ಇಲ್ಲಿಗೆ ಬರುವ ಹೊಸ ಅಧಿಕಾರಿಗೂ ಮೊದಲ ಮಳೆಗಾಲ ಹಾಗೆಯೇ. ಒಂದೇ ಜಾಗದಲ್ಲಿ ಬೇರುಬಿಟ್ಟವರು ಆಜ್ಞೆ ಕೊಡುವುದರಲ್ಲಿ ಬೇರೆ ತೊಡಕುಗಳಿವೆ, ಅದು ನನಗೂ ಗೊತ್ತು. ಆದರೂ ಹತ್ತೊಂಬತ್ತು ವರ್ಷ ಕಾಲಲ್ಲಿ ಅಳೆದು ಕೂಡಿಟ್ಟ ತಿಳಿವಳಿಕೆಯನ್ನು, ಭುಜದ ಮೇಲೆ ಒಂದು ಪಟ್ಟಿ ಏರಿದ ದಿನವೇ ಬಿಟ್ಟುಹೋಗು ಎನ್ನುವುದು ದೊಡ್ಡ ನಷ್ಟ. ಇಂಥ ನೋಟ್‌ಬುಕ್ಕು ಒಬ್ಬನ ಜೇಬಿನಲ್ಲಿರದೆ ಪ್ರತಿ ಠಾಣೆಯ ವಾಚ್ ರೂಮಿನಲ್ಲಿ ಇರಬೇಕು, ಹೋಗುವವನು ಬರುವವನ ಜೊತೆ ಒಂದು ತಿಂಗಳಾದರೂ ಊರು ಸುತ್ತಬೇಕು ಎಂದು ನಾನು ಹೇಳಿದೆ. ಅವನು ನಕ್ಕು, "ನಾಳೆ ಬೆಳಿಗ್ಗೆ ಬಸ್ಸಿಗೆ ಮುಂಚೆ ಒಂದು ಗಂಟೆ ಟೈಮ್ ಇಟ್ಟುಕೋ" ಎಂದ.

ಬೆಳಿಗ್ಗೆ ಅದೇ ಕೆರೆ. ಈ ಸಲ ಜೊತೆಯಲ್ಲಿ ಠಾಣೆಯ ಒಬ್ಬ ಹುಡುಗ, ವಿಜಯಪುರದ ಕಡೆಯವನು, ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿಲ್ಲ. ರಾತ್ರಿ ಒಂದು ಹದ ಮಳೆ ಬಿದ್ದು ಮಣ್ಣು ಘಮ್ಮೆನ್ನುತ್ತಿತ್ತು, ಗಿಡಗಳಲ್ಲಿ ಉಳಿದಿದ್ದ ಕಾಫಿ ಹೂವು ಒದ್ದೆಯಾಗಿ ಕಂದಿತ್ತು. ತಮ್ಮ ನೂಲಿನ ಹಗ್ಗವನ್ನೂ ನೋಟ್‌ಬುಕ್ಕನ್ನೂ ಹುಡುಗನ ಕೈಗೆ ಕೊಟ್ಟ.

ಹುಡುಗ ಹಗ್ಗವನ್ನು ಏರಿಯ ಇಳುಕಲಿನ ಮೇಲೆಯೇ ಹಾಸಿ ಬಿಟ್ಟ. ಗಂಟುಗಳು ಓರೆಯಾಗಿ ಹುಲ್ಲಿನ ಮೇಲೆ ಜಾರಿದವು. ಹಾಗೆ ಅಳೆದರೆ ಲೆಕ್ಕ ತಪ್ಪುತ್ತದೆ ಎಂದು ನನಗೇ ತಿಳಿಯುತ್ತಿತ್ತು. ತಮ್ಮನ ಬಲಗೈ ತಟ್ಟನೆ ಮುಂದೆ ಬಂತು. ಅರ್ಧಕ್ಕೆ ನಿಂತಿತು. ಅವನು ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು, ಒಂದು ಹೆಜ್ಜೆ ಹಿಂದೆ ಸರಿದು ನಿಂತ.

"ಎಷ್ಟಾಯ್ತು?"

"ಎಂಟು ಆಗೈತ್ರಿ ಸರ್."

"ಗಾಡಿ ಎಲ್ಲಿ ನಿಲ್ಲತ್ತೆ, ತೋರಿಸು."

ಹುಡುಗ ಗಟ್ಟಿ ನೆಲವನ್ನು ನೋಡಿದ, ನೀರನ್ನು ನೋಡಿದ, ಓರೆಯಾಗಿ ಮಲಗಿದ್ದ ಹಗ್ಗವನ್ನು ನೋಡಿದ. ಆಮೇಲೆ ತಲೆಯೆತ್ತಿ ಹಲಸಿನ ಕೊಂಬೆಯನ್ನು ನೋಡಿದ. ಏನೂ ಹೇಳದೆ ಹಗ್ಗವನ್ನು ಮೇಲಕ್ಕೆಳೆದುಕೊಂಡು ಆ ಕಡೆ ನಡೆದ.